ಬಕ್ಕಿಯ ಸೋಲ್ವೇಗ್

ಪುಸ್ತಕದಲ್ಲಿ ಹತ್ತೇ ಜಾಗ ಇದ್ದದ್ದು ಎಲ್ಲ ರಗಳೆಗೂ ಮೂಲ. ಐಸ್‌ಲ್ಯಾಂಡಿನ ಪೂರ್ವ ತೀರದ ಆ ಮೀನುಗಾರರ ಊರಿನಲ್ಲಿ ಡಿಸೆಂಬರ್ ಬಂತೆಂದರೆ, ಆ ವರ್ಷ ತೀರಿಕೊಂಡ ಗಣ್ಯರಲ್ಲಿ ಹತ್ತು ಮಂದಿಯನ್ನು ನೆನೆದು ಬರೆದು ಅಚ್ಚು ಹಾಕಿಸುವ ರೂಢಿ. ಬರೆಯುವವನು ಸ್ಟೇನ್‌ಥೋರ್. ಮೂವತ್ತೆಂಟು ವರ್ಷ ಅಂಚೆ ಹಂಚಿ, ಒಂದು ಕಾಗದವನ್ನೂ ತಪ್ಪು ಮನೆಗೆ ಕೊಡದೆ ನಿವೃತ್ತನಾದವನು. ಮದುವೆಯಾಗಿ ಈ ಊರಿಗೆ ಬಂದು ನಲವತ್ತೊಂದು ವರ್ಷವಾಗಿದ್ದರೂ ಜನ ಈಗಲೂ "ನಮ್ಮೂರು ಒಗ್ಗಿತಾ?" ಎಂದು ಕೇಳುತ್ತಿದ್ದರು.

ಒಂಬತ್ತು ಹೆಸರು ಮುಗಿದಿದ್ದವು. ಹತ್ತನೆಯದಾಗಿ ತನ್ನ ಹೆಂಡತಿ ಸೋಲ್ವೇಗ್‌ಳ ಹೆಸರು ಬರೆದು, ಮೂರು ವಾರದಿಂದ ಅದನ್ನೇ ದಿಟ್ಟಿಸುತ್ತಿದ್ದ. ಮಾರ್ಚಿನಲ್ಲಿ ಹೋಗಿದ್ದಳು. ಮೀನು ಕಾರ್ಖಾನೆಯ ಅಡುಗೆಮನೆಯಲ್ಲಿ ದುಡಿದವಳು, ಊರಿನ ಅರ್ಧ ಮಕ್ಕಳಿಗೆ ಈಜು ಕಲಿಸಿದವಳು. ಬಾಯಿ ಸ್ವಲ್ಪ ಜೋರು. ಗಣ್ಯಳೇ? ಅವನಿಗಂತೂ ಹೌದು. ಆದರೆ ತನ್ನವಳನ್ನು ತಾನೇ ಗಣ್ಯಳೆಂದು ಬರೆದುಕೊಂಡರೆ ಊರವರು ಏನಂದಾರು? ಅವಳಿಗೊಂದು ಪುಟ ಸಿಗಲಿ ಎಂಬ ಆಸೆಯೂ ಬಿಡದು, ಸಂಕೋಚವೂ ಬಿಡದು. ಇವತ್ತು ಸಂಜೆ ನಾಲ್ಕಕ್ಕೆ ಪಟ್ಟಿ ಅಚ್ಚಿಗೆ ಹೋಗಬೇಕು.

ಬೆಳಿಗ್ಗೆ ಪಕ್ಕದ ಮನೆಯ ಥೋರ್ದಿಸ್ ಪ್ಯಾನ್‌ಕೇಕ್ ತಟ್ಟೆ ಹಿಡಿದು ಬಂದಳು.

"ಪಟ್ಟಿ ಆಯ್ತಾ?"

"ಒಂದು ಬಾಕಿ."

ಅವಳು ದನಿ ತಗ್ಗಿಸಿದಳು. "ನಾನು ಬಾಯಿ ಹಾಕಬಾರ್ದು. ಆದ್ರೂ ಹೇಳ್ತೀನಿ. ಬಕ್ಕಿ ಸೋಲ್ವೇಗ್ ಹೆಸರು ಬಿಟ್ಟುಗಿಟ್ಟೀಯ ಮತ್ತೆ."

ಬಕ್ಕಿ ಎಂದರೆ ಕಡಲಂಚಿನ ಕೆಂಪು ಮನೆ. ಒಂಬತ್ತು ವರ್ಷದ ಹಿಂದೆ ಅದನ್ನು ಕೊಂಡು ಬಂದ ನಿವೃತ್ತ ನ್ಯಾಯಾಧೀಶೆಯ ಹೆಸರೂ ಸೋಲ್ವೇಗ್. ಒಣಮೀನಿನ ವಾಸನೆಯ ಮೇಲೆ, ನಾಯಿಗಳ ಬೊಗಳಾಟದ ಮೇಲೆ ದೂರು ಬರೆಯುತ್ತಲೇ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು.

"ಅಷ್ಟು ಇಷ್ಟಾನಾ ನಿಂಗೆ?" ಎಂದ ಸ್ಟೇನ್‌ಥೋರ್.

"ಇದ್ದಾಗ ಯಾರು ಹೇಳ್ತಾರೆ," ಎಂದು ಥೋರ್ದಿಸ್ ಕಣ್ಣೊರೆಸಿಕೊಂಡು ಹೋದಳು.

ಮಧ್ಯಾಹ್ನ ಅಂಗಡಿಯಲ್ಲಿ ಹಾಲು ಕೊಳ್ಳುವಾಗ ದೋಣಿಯ ಕೇತಿಲ್ ಹೆಗಲ ಮೇಲೆ ಕೈ ಹಾಕಿದ. "ಬಾಯಿ ಜೋರಿತ್ತು, ನಿಜ. ಕಟ್ಟೆ ಮೇಲೆ ನಿಲ್ಲಿಸಿ ನನಗೆ ಉಗಿದಿದ್ಲು. ಆದ್ರೂ ಬಕ್ಕಿ ಸೋಲ್ವೇಗ್ ಇಲ್ದಿರೋ ಪುಸ್ತಕ ನಮ್ಮನೆಗೆ ಬೇಡ ಕಣಯ್ಯ."

ನ್ಯಾಯಾಧೀಶೆಗೂ ಏಕವಚನವೇ ಎಂದು ಸ್ಟೇನ್‌ಥೋರ್‌ಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಊರಿನಲ್ಲಿ ಪಾದ್ರಿಗೂ ಏಕವಚನ, ಮೀನಿಗೂ ಏಕವಚನ.

ಮೂರು ಗಂಟೆಗೆ ಪಾದ್ರಿಯಮ್ಮನೇ ಫೋನು ಮಾಡಿದಳು. "ನಿಂಗೆ ಕಷ್ಟ ಅಂತ ಗೊತ್ತು. ಮನಸ್ಸು ಗಟ್ಟಿ ಮಾಡ್ಕೊಂಡು ಬರೆದುಬಿಡು. ಊರಿಗೆಲ್ಲ ಒಂದೇ ಮಾತು, ಬಕ್ಕಿ ಸೋಲ್ವೇಗ್."

ಫೋನಿಟ್ಟು ಪಟ್ಟಿಯ ಮುಂದೆ ಕೂತ. ಎಷ್ಟು ನಾಜೂಕಾಗಿ ಹೇಳಿದರು, ನಿನ್ನ ಹೆಂಡತಿ ಬೇಡ ಅಂತ. ಅವರ ಮಕ್ಕಳನ್ನೆಲ್ಲ ನೀರಲ್ಲಿ ಎತ್ತಿ ಹಿಡಿದಿದ್ದಳಲ್ಲ, ಒಬ್ಬರಿಗಾದರೂ ಅವಳ ನೆನಪಾಗಬಾರದೆ? ಅಳು ಬಂತು. ಅಳುತ್ತಲೇ ಅವಳ ಹೆಸರಿನ ಮೇಲೆ ಗೀಟೆಳೆದು, ನ್ಯಾಯಾಧೀಶೆಯ ಬಗ್ಗೆ ಒಂದು ಪುಟ ಬರೆದು, ನಾಲ್ಕಕ್ಕೆ ಐದು ನಿಮಿಷ ಇರುವಾಗ ಅಚ್ಚುಮನೆಗೆ ಕಳಿಸಿದ.

ಐದು ಗಂಟೆಗೆ ಊರೆಲ್ಲ ಈಜುಕೊಳದ ಬಿಸಿನೀರಿನ ತೊಟ್ಟಿಯಲ್ಲಿ ಕೂರುವುದು ವಾಡಿಕೆ. ತಲೆಯ ಮೇಲೆ ಹಿಮ ಬೀಳುತ್ತಿದ್ದರೆ ಕತ್ತಿನ ತನಕ ಬಿಸಿನೀರು. ಸ್ಟೇನ್‌ಥೋರ್ ಇಳಿದ ಕೂಡಲೇ ಕೇತಿಲ್ ಜರುಗಿ ಜಾಗ ಕೊಟ್ಟ.

"ಹಾಕಿದ್ಯಾ?"

"ಹಾಕ್ದೆ. ನೀವೆಲ್ಲ ಹೇಳಿದ ಹಾಗೇ."

"ಈಜು ಕಲಿಸಿದ್ದು ಬರೆದ್ಯಾ?" ಥೋರ್ದಿಸ್ ಕೇಳಿದಳು.

"ನ್ಯಾಯಾಧೀಶೆ ಯಾರಿಗೆ ಈಜು ಕಲಿಸಿದ್ರು?"

"ಯಾವ ನ್ಯಾಯಾಧೀಶೆ?"

"ಬಕ್ಕಿ ಮನೆ ಸೋಲ್ವೇಗ್. ನಾನೇ ದಿನಾ ಕಾಗದ ಕೊಡ್ತಿದ್ನಲ್ಲ."

 ಥೋರ್ದಿಸ್ ಹತ್ತಿರ ಸರಿದು ಮೆಲ್ಲಗೆ ಹೇಳಿದಳು. "ಆ ನ್ಯಾಯಾಧೀಶೆ ರಾಜಧಾನಿ ಹೆಂಗಸು ಕಣೋ. ಬಕ್ಕೀಲಿ ಹುಟ್ಟಿದೋಳು ನಿನ್ನ ಸೋಲ್ವೇಗ್. ಇಲ್ಲಿ ಹುಟ್ಟಿದ ಮನೆ ಹೆಸರೇ ಸಾಯೋ ತನಕ. ನೀನು ಅಂಚೆಯವನು, ಮನೇಲಿ ಈಗ ಯಾರಿದ್ದಾರೆ ಅಂತಷ್ಟೇ ನೋಡ್ತೀಯ. ನಿನ್ನೆದುರು 'ನಿನ್ನ ಹೆಂಡ್ತಿ' ಅನ್ನೋಕೆ ಬಾಯಿ ಬರ್ಲಿಲ್ಲ ನಮಗೆ."

"ಮತ್ತೆ ಅವಳ ಹೆಸರು?" ಎಂದ ಕೇತಿಲ್.

"ನಾನೇ ಹೊಡೆದುಹಾಕ್ದೆ."

ಅಚ್ಚುಯಂತ್ರ ಆಗಲೇ ಓಡುತ್ತಿತ್ತು. ಮುಂದಿನ ವರ್ಷ ಹಾಕೋಣವೆಂದರೆ ಆ ಪುಸ್ತಕ ಮುಂದಿನ ವರ್ಷ ಸತ್ತವರದ್ದು. ಊರೆಲ್ಲ ತನ್ನವಳ ಪರವಾಗಿ ಬಂದು ಬಾಗಿಲು ತಟ್ಟಿತ್ತು, ಅಷ್ಟನ್ನೂ ತಾನೇ ಒಯ್ದು ತಪ್ಪು ಮನೆಗೆ ಕೊಟ್ಟು ಬಂದಿದ್ದ. ಸೋಲ್ವೇಗ್ ಇದ್ದಿದ್ದರೆ ಮೊದಲು ಚೆನ್ನಾಗಿ ಬೈದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅದು ನೆನಪಾಗಿ ಅವನು ಮುಖಕ್ಕೆ ಬಿಸಿನೀರು ಎರಚಿಕೊಂಡ.

ಕೇತಿಲ್ ಅವನ ಬೆನ್ನು ಸವರಿದ.

"ಹೋಗ್ಲಿ ಬಿಡಯ್ಯ," ಎಂದ. "ನಿಂಗಾದ್ರೂ ಹೇಗೆ ಗೊತ್ತಾಗ್ಬೇಕು. ಊರಿಗೆ ಹೊಸಬ ನೀನು."