ಗುಬ್ಬಿಯ ಕಡೆಯವರು

ಊರು ಏನನ್ನು ಮರೆತರೂ ಒಬ್ಬರನ್ನು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರನ್ನು ಮರೆಯುವುದಿಲ್ಲ. ವಾರಕ್ಕೊಂದು ಫಜೀತಿ ಅದರಿಂದ ನನಗೆ ತಪ್ಪಿದ್ದಲ್ಲ.

ನಾನು ಗಂಗಾವತಿಯ ಒಂದು ಆಸ್ಪತ್ರೆಯಲ್ಲಿ ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರ್‌ಗಳು ಎಲ್ಲರನ್ನೂ ಪೂರ್ತಿ ಹೆಸರು ಹಿಡಿದೇ ಕರೆಯುತ್ತಿದ್ದರು; ನಾನೂ ಹಾಗೆಯೇ. ಆದರೆ ಹುಟ್ಟಿದಾಗ ಸಣ್ಣಗಿದ್ದೆನೆಂದು ಮನೆಯವರು ನನ್ನನ್ನು ‘ಗುಬ್ಬಿ’ ಎಂದರು. ನಿಘಂಟಿನಲ್ಲಿ ಅದೊಂದು ಹಕ್ಕಿ. ನಮ್ಮ ಕಡೆ ಅದರ ಅರ್ಥ, ‘ನನ್ನದೊಂದು ಕೆಲಸ ಮಾಡಿಕೊಡು.’

ಕಿಟಕಿ ಪಕ್ಕದ ಕಾಟ್

ಯೂನಿಫಾರಂ ಇಸ್ತ್ರಿ ಮಾಡದೆ ಬಂದ ನರ್ಸೊಬ್ಬಳನ್ನು ವಾರ್ಡಿನ ನಡುವೆ ನಿಲ್ಲಿಸಿ ಬೈಯುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ನನ್ನೂರು ತಳಕಲ್ಲಿನ ಅಜ್ಜಿಯ ಕೂಗು: “ಏ ಗುಬ್ಬಿ! ಎಷ್ಟ ದಪ್ಪ ಆಗೀಯಬೇ! ನನಗ ಆ ಕಿಟಕಿ ಬಾಜೂಕಿನ ಕಾಟ್ ಕೊಡಸು.”

ನರ್ಸ್ ತುಟಿ ಕಚ್ಚಿಕೊಂಡಳು. ನಾನು ನೆಟ್ಟಗೆ ನಿಂತು ಹೇಳಿದೆ: “ಅಮ್ಮಾ, ಇಲ್ಲಿ ನನ್ನನ್ನು ಮೇಟ್ರನ್ ಅನ್ನಬೇಕು.”

“ಆತ ಬಿಡವಾ. ಮೇಟ್ರನ್ ಗುಬ್ಬಿ, ಕಾಟ್ ಕೊಡಸು.”

ಖಾಸಾ ತಮ್ಮ

ನನ್ನ ವಾರ್ಡಿನಲ್ಲಿ ಒಬ್ಬ ರೋಗಿಗೆ ಒಬ್ಬರೇ ಜೊತೆಗಾರರು. ಆಪರೇಷನ್ ಆದವರಿಗೆ ನಿದ್ದೆ ಬೇಕು. ಆದರೂ ನವಲಿಯ ಒಬ್ಬ ರೋಗಿಯ ಸುತ್ತ ಹನ್ನೊಂದು ಜನ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದರು. ವಾಚ್‌ಮನ್‌ನನ್ನು ಕರೆಸಿದೆ.

“ಗುಬ್ಬಕ್ಕನ ಕಡೆಯವರು ಅಂದ್ರರಿ ಮೇಡಂ. ಮನಿ ಹೆಸರು ಗೊತ್ತಿದ್ದವರು ಮನಿಯವರಲ್ಲೇನ್ರಿ?”

ಆ ಗುಂಪಿನ ಮುಂದಾಳು ಎದ್ದು ನಿಂತ. “ನಾ ಗುಬ್ಬಕ್ಕನ ಖಾಸಾ ತಮ್ಮ ಅದೀನ್ರಿ.”

ನನಗೆ ತಮ್ಮಂದಿರೇ ಇಲ್ಲ. “ಹೌದೇನು? ಹೇಗಿದ್ದಾಳೆ ನಿನ್ನ ಅಕ್ಕ?” ಎಂದೆ.

“ಭಾಳ ಮೆತ್ತನ್ನ ಹೆಣ್ಮಗಳರಿ. ನಿಮ್ಹಂಗಲ್ಲ.”

ಹೊಸ ನಿಯಮ

“ಪ್ರೀತಿಯಿಂದ ಅಂತಾರ, ಬಿಡ್ರಿ ಮೇಡಂ” ಎಂದರು ಡಾಕ್ಟರು. ಬಿಡುವ ಜಾಯಮಾನ ನನ್ನದಲ್ಲ. ಹೆಸರು ನನ್ನದು, ವಾರ್ಡೂ ನನ್ನದು. ನನ್ನ ಕೈಯಾರೆ ಒಂದು ಚೀಟಿ ಬರೆದು ಗೇಟಿಗೆ ಅಂಟಿಸಿದೆ: ‘ಗುಬ್ಬಿಯ ಕಡೆಯವರು ಮೊದಲು ಒಂದು ಬಾಟಲಿ ರಕ್ತ ಕೊಟ್ಟು ಒಳಗೆ ಬರತಕ್ಕದ್ದು.’

ಮರುದಿನ ನನ್ನ ಬಳಗವೆಲ್ಲ ಮಾಯ. ಒಬ್ಬ ರೋಗಿಗೆ ಒಬ್ಬರೇ. ವಾರ್ಡಿನಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಗೆದ್ದೆನೆಂದು ವರಾಂಡದಲ್ಲಿ ನಿಂತಿದ್ದೆ.

ಮಧ್ಯಾಹ್ನ ನಮ್ಮ ಯಜಮಾನರು ನನ್ನ ಊಟದ ಡಬ್ಬಿ ಹಿಡಿದು ಬಂದರು. ಶ್ರೀರಾಮನಗರದ ಭತ್ತದ ವ್ಯಾಪಾರಿ, ಕ್ವಿಂಟಲ್ ಚೀಲವನ್ನು ಒಬ್ಬರೇ ಎತ್ತುವ ಆಳು. ಮನೆಯಲ್ಲಿ ಮೂವತ್ತು ವರ್ಷಗಳಿಂದ ‘ಗುಬ್ಬಿ’ ಎನ್ನದೆ ಒಂದು ಲೋಟ ನೀರನ್ನೂ ಕೇಳಿದವರಲ್ಲ.

ವಾಚ್‌ಮನ್ ಕೈ ಮುಗಿದು ಚೀಟಿ ತೋರಿಸಿದ. “ಬರ್ರಿ ಸಾಹೇಬ್ರ! ನಿಮಗಿಂತ ಹತ್ತಿರದವರು ಯಾರದಾರ? ತೋಳ ಏರಿಸ್ರಿ.”

ಯಜಮಾನರು ಚೀಟಿ ಓದಿದರು. ನನ್ನನ್ನೂ ನೋಡಿದರು. ಡಬ್ಬಿಯನ್ನು ಗೇಟಿನ ಸರಳಿಗೆ ನೇತುಹಾಕಿ ಎರಡು ಹೆಜ್ಜೆ ಹಿಂದೆ ಸರಿದರು.

“ಏ ತಮ್ಮಾ, ಆಕಿ ಯಾರೋ, ನಾ ಯಾರೋ!”