ಮಾತಾಡಬಾರದ ದಾರಿಯಲ್ಲಿ ಮೂವರು

ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ಕಟ್ಟಿದವನ ಮನೆಯಲ್ಲಿ ಇಬ್ಬರು ಹೆಂಗಸರು ಮಾತು ಬಿಟ್ಟಿರಲಿಲ್ಲ ಎಂದು ಕಾಣುತ್ತದೆ. ಬಿಟ್ಟಿದ್ದರೆ ಅವನು ತನ್ನ ಬಂಗಾರವನ್ನೆಲ್ಲ ಉಡಿಯಲ್ಲಿ ಕಟ್ಟಿಕೊಂಡು, ಇದನ್ನು ತೆಗೆದುಕೊಂಡು ಚೂರು ಬೆಳ್ಳಿ ಕೊಡಿ ಎಂದು ಓಣಿ ಓಣಿ ತಿರುಗುತ್ತಿದ್ದ. ನಾನು ಮೂಡಲಗಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ‘ನಿಶ್ಶಬ್ದವಾಗಿರಿ’ ಎಂಬ ಫಲಕದ ಕೆಳಗೆ ಕುಳಿತು ಅರ್ಧ ಆಯುಷ್ಯ ಕಳೆದಿದ್ದೇನೆ. ಆ ಫಲಕವನ್ನು ಇವತ್ತಿನವರೆಗೆ ಯಾರೂ ಓದಿದಂತಿಲ್ಲ. ಸುತ್ತಲಿನ ಪುಸ್ತಕಗಳ ಗತಿಯೂ ಅದೇ ಆದ್ದರಿಂದ ಫಲಕಕ್ಕೇನೂ ಬೇಸರವಿಲ್ಲ. ಅಂಥ ನನಗೆ, ಯಾವ ಫಲಕವೂ ಇಲ್ಲದ ನನ್ನ ಸ್ವಂತ ಮನೆಯಲ್ಲಿ, ಕಳೆದ ಚಳಿಗಾಲದಲ್ಲಿ ಸೂಜಿ ಬಿದ್ದರೂ ಕೇಳುವಂಥ ನಿಶ್ಶಬ್ದ ತಾನಾಗಿಯೇ ಒದಗಿ ಬಂತು.

ನಮ್ಮ ಮನೆಯಲ್ಲಿ ಇರುವವರು ಮೂವರು. ನಾನು, ನನ್ನ ಹೆಂಡತಿ ಶೈಲಾ, ನನ್ನ ಅಕ್ಕ ಪಾರವ್ವ. ಅಕ್ಕ ಮದುವೆ ಮಾಡಿಕೊಳ್ಳಲಿಲ್ಲ. ಕೌಜಲಗಿಯ ಸುತ್ತಮುತ್ತ ನರ್ಸಬಾಯಿಯಾಗಿ ದುಡಿದು, ನಿವೃತ್ತಿಯಾದ ಮೇಲೆ ನಮ್ಮ ಜೊತೆ ಬಂದು ಇದ್ದಾಳೆ. ಆ ಕಡೆಯ ಅರ್ಧ ಜನ ಅವಳ ಕೈಯಲ್ಲೇ ಹುಟ್ಟಿದವರು; ಹೀಗಾಗಿ ಎಲ್ಲರೂ ಇನ್ನೂ ತೊಟ್ಟಿಲಲ್ಲೇ ಇದ್ದಾರೆ ಎಂಬಂತೆ ಮಾತಾಡುವುದು ಅವಳ ರೂಢಿ. ಶೈಲಾ ಹುಕ್ಕೇರಿ ಕಡೆಯವಳು, ಸಾವಕಾಶದವಳು. ಇಬ್ಬರಿಗೂ ಚೆನ್ನಾಗಿಯೇ ಹೊಂದುತ್ತಿತ್ತು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುವಳು, ಬಡಿಯುವ ಸಪ್ಪಳದ ನಡುವೆ ನನ್ನ ದಡ್ಡತನದ ಬಗ್ಗೆ ಚರ್ಚೆ ನಡೆಯುವುದು. ನಾನು ಪಡಸಾಲೆಯಲ್ಲಿ ಕುಳಿತು, ಮನೆ ನೆಮ್ಮದಿಯಿಂದಿದೆ ಎಂದು ತಿಳಿದುಕೊಳ್ಳುತ್ತಿದ್ದೆ.

ಇದು ಕೆಟ್ಟದ್ದು ಒಂದು ಸೀರೆಯಿಂದ. ಹಳೇ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಹೆಂಗಸೊಬ್ಬಳು ನಮ್ಮ ಓಣಿಗೆ ಆಗಾಗ ಬರುತ್ತಾಳೆ. ಅವತ್ತು ಶೈಲಾ ಸಂತೆಗೆ ಹೋಗಿದ್ದಳು. ಕಪಾಟು ಸ್ವಚ್ಛ ಮಾಡಿ ತೆಗೆದಿಟ್ಟ ಹಳೇ ಬಟ್ಟೆಯ ಗಂಟು ಬಾಗಿಲ ಬಳಿಯೇ ಇತ್ತು. ಅಕ್ಕ ಅದನ್ನು ಕೊಟ್ಟು, ಜಗ್ಗಾಡಿ ಜಗ್ಗಾಡಿ ಒಂದು ಒಳ್ಳೆಯ ಬೋಗುಣಿ ತೆಗೆದುಕೊಂಡಳು. ಆ ಗಂಟಿನ ಮೇಲೆ, ಬಿಸಿಲಿಗೆ ಹಾಕಬೇಕೆಂದು ಶೈಲಾ ಇಟ್ಟಿದ್ದ ಅವಳ ತಾಯಿಯ ಇಳಕಲ್ ಸೀರೆಯೂ ಇತ್ತು. ತಾಯಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಸೀರೆಯೂ ಮಡಿಕೆಯಲ್ಲೆಲ್ಲ ಹರಿದಿತ್ತು.

ಸಂತೆಯಿಂದ ಬಂದ ಶೈಲಾ ಅಳಲಿಲ್ಲ. “ಒಂದ ಮಾತ ಕೇಳಬೇಕಿತ್ತು” ಎಂದಳು, ಅಷ್ಟೇ.

ಅಕ್ಕನಿಗೂ ಒಳಗೆ ಚುರ್ ಎಂದಿರಬೇಕು. ಆದರೆ ಅವಳಿಗೆ ಚುರ್ ಎಂದದ್ದು ಬಾಯಿಗೆ ಬರುವಷ್ಟರಲ್ಲಿ ಸಿಟ್ಟಾಗಿರುತ್ತದೆ. “ಇಷ್ಟ ವರ್ಷ ಈ ಮನ್ಯಾಗ ಇದ್ದು ಒಂದ ಹರಕ ಅರಿವಿ ಕೊಡಾಕೂ ಕೇಳಬೇಕಾ? ಹಂಗಾರ ನಾ ಇಲ್ಲಿ ಯಾರು?”

ಶೈಲಾ ಸಂತೆಯ ಚೀಲ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಕ್ಕನಿಗೆ ಮಾತ್ರ ಆ ಸುಮ್ಮನಿರುವಿಕೆಯೇ ಉತ್ತರದಂತೆ ಕೇಳಿಸಿತು. ಪಕ್ಕದ ಮನೆಯ ಮೆಹಬೂಬ, ಬಾಡಿಗೆ ವ್ಯಾನು ಓಡಿಸುವವನು, ವಿಷಯ ತಿಳಿದು ತಾನಾಗಿಯೇ ನಾಗನೂರ, ಕಲ್ಲೋಳಿಗಳ ಓಣಿಗಳಲ್ಲಿ ಆ ಪಾತ್ರೆಯವಳನ್ನು ಹುಡುಕಿ ಬಂದ. ಅವಳು ಸಿಕ್ಕಳು, ಸೀರೆ ಸಿಗಲಿಲ್ಲ. ಅದು ಆಗಲೇ ತುಂಡು ತುಂಡಾಗಿ ಯಾರದೋ ಮನೆಯ ಕೌದಿಯ ಹೊಲಿಗೆಯೊಳಗೆ ಸೇರಿತ್ತಂತೆ.

ಅಂದಿನಿಂದ ನನಗೆ ಹೊಸ ನೌಕರಿ. “ನಿಮ್ಮ ಅಕ್ಕಾರಿಗೆ ಊಟಕ್ಕ ಬಾ ಅನ್ರಿ” ಎಂದು ಶೈಲಾ ಹೇಳುವಳು. ಅಕ್ಕ ಎರಡು ಮಾರು ದೂರದಲ್ಲಿ ಕುಳಿತಿರುವಳು, ಕಿವಿ ನನಗಿಂತ ಚುರುಕು. ಆದರೂ ನಾನು ತಿರುಗಿ, “ಅಕ್ಕಾ, ಊಟಕ್ಕ ಬಾ” ಎನ್ನಬೇಕು. “ಹಸಿವಿಲ್ಲ ಅಂತ ಹೇಳು” ಎಂದು ಅವಳು. ನಾನು ಮತ್ತೆ ಈ ಕಡೆ ತಿರುಗಬೇಕು. ಒಂದು ವಾರದಲ್ಲಿ ನನ್ನ ಕುತ್ತಿಗೆ ನೋಯತೊಡಗಿತು. ಸಂದೇಶಗಳನ್ನು ಹೇಳಿದ ಹಾಗೆಯೇ ಸಾಗಿಸಿದರೆ ಮನೆ ಉಳಿಯುವುದಿಲ್ಲ ಎಂದು ತಿಳಿದು ನಾನು ಅವುಗಳ ಖಾರ ತೆಗೆದು, ಒಂದಿಷ್ಟು ಬೆಲ್ಲ ಸೇರಿಸಿ ದಾಟಿಸುತ್ತಿದ್ದೆ. ಇಬ್ಬರೂ ಮೂಲವನ್ನು ತಮ್ಮ ಕಿವಿಯಿಂದಲೇ ಕೇಳಿರುತ್ತಿದ್ದರಿಂದ ನನ್ನ ಅನುವಾದದಿಂದ ಯಾರಿಗೂ ಲಾಭವಾಗಲಿಲ್ಲ; ನಾನು ಸುಳ್ಳುಗಾರ ಎಂಬ ಒಂದು ವಿಷಯದಲ್ಲಿ ಮಾತ್ರ ಅವರಿಬ್ಬರಿಗೂ ಒಮ್ಮತ ಉಳಿಯಿತು.

ಮೌನ ನಮ್ಮ ವಂಶಕ್ಕೆ ಹೊಸದೇನಲ್ಲ. ನಮ್ಮ ಅಪ್ಪ ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಮುಗಿಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆದರೆ ಎಡಗೈಯ ಐದು ಬೆರಳು, ಎರಡು ಹುಬ್ಬು ಮತ್ತು ‘ಊಂ’ ಎಂಬ ಒಂದೇ ಅಕ್ಷರದಿಂದ ಇಡೀ ಸಂಸಾರವನ್ನು ನಡೆಸುತ್ತಿದ್ದರು. ಎಮ್ಮೆ ಹಿಂಡು ಎನ್ನುವುದಕ್ಕೆ ಒಂದು ಊಂ, ಹಾಲು ಉಕ್ಕುತ್ತಿದೆ ಎನ್ನುವುದಕ್ಕೆ ಇನ್ನೊಂದು. ನನಗೆ ಬೈಯುವುದಕ್ಕೆ ಮಾತ್ರ ಪೂಜೆ ಮುಗಿಯುವವರೆಗೆ ಕಾಯುತ್ತಿದ್ದರು, ಅದಕ್ಕೆ ಒಂದು ಅಕ್ಷರ ಸಾಲುತ್ತಿರಲಿಲ್ಲ. ಅದು ಮಾತು ತುಂಬಿದ ಮೌನ. ನಮ್ಮ ಮನೆಯಲ್ಲಿ ಈಗ ಇದ್ದದ್ದು ಬೇರೆ ಜಾತಿಯದು, ಬೀಗ ಹಾಕಿದ ಕೋಣೆಯಂಥದು.

ಹೀಗಿರುವಾಗ ಒಂದು ಸಂಜೆ ಅಕ್ಕ ನನ್ನನ್ನು ಅಂಗಳಕ್ಕೆ ಕರೆದು, “ಕೌಜಲಗ್ಯಾಗ ಒಂದ ಖೋಲಿ ನೋಡೇನಿ. ಸಂಕ್ರಾಂತಿ ಆದ ಮ್ಯಾಲ ಅಲ್ಲೇ ಇರತೇನಿ. ಗುರತಿನ ಮಂದಿ ಅದಾರ” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನಾನು ನಗುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು. ನಾನು ಶೈಲಾಳಿಗೆ ತಿಳಿಸಿದೆ. ಅವಳು ಬಹಳ ಹೊತ್ತು ಅಕ್ಕಿ ಆರಿಸಿ, ಕೊನೆಗೆ, “ಹೋಗೂದಂದ್ರ ನಾ ಹೆಂಗ ಬ್ಯಾಡ ಅನ್ಲಿ? ನನ್ನ ಕೇಳ್ಯಾರೇನು?” ಎಂದಳು. ಈ ಮಾತನ್ನು ನಾನು ಆಚೆ ದಾಟಿಸಲಿಲ್ಲ. ಇದಕ್ಕೆ ಹಾಕುವಷ್ಟು ಬೆಲ್ಲ ನನ್ನಲ್ಲಿರಲಿಲ್ಲ.

ಮರುದಿನ ಕಾಲೇಜಿನಲ್ಲಿ ಒಂದು ಮಾಸಪತ್ರಿಕೆ ತಿರುವಿ ಹಾಕುತ್ತಿದ್ದಾಗ ಕರಾವಳಿಯ ಯಾವುದೋ ವನ್ಯಧಾಮದ ಬಗ್ಗೆ ಬರಹ ಕಂಡಿತು. ಸಮುದ್ರದಂಡೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಏರಿಳಿತವಿಲ್ಲದ ಸುಲಭ ಕಾಲುದಾರಿಗಳಿವೆ, ವಯಸ್ಸಾದವರೂ ಮೊಣಕಾಲು ನೋವಿನವರೂ ಆರಾಮವಾಗಿ ನಡೆಯಬಹುದು, ಆದರೆ ಯಾರೂ ಮಾತಾಡಬಾರದು ಎಂದು ಬರೆದಿತ್ತು. ಅಕ್ಕನಿಗೆ ಮೊಣಕಾಲು ನೋವಿದೆ. ಮಾತಾಡದಿರುವ ಅಭ್ಯಾಸ ನಮ್ಮಲ್ಲಿ ಬೇಕಾದಷ್ಟಿದೆ. ನಮ್ಮ ಮನೆಯವರಿಗಾಗಿಯೇ ಮಾಡಿದ ಜಾಗ ಎನ್ನಿಸಿತು. ಆದರೆ ಕರಾವಳಿಗೆ ಹೋಗಬೇಕೆಂದರೆ ಘಟ್ಟ ಇಳಿಯಬೇಕು. ಬಸ್ಸಿನ ಮೂವರ ಸೀಟಿನಲ್ಲಿ ನಡುವೆ ಕುಳಿತು, ಅಷ್ಟೂ ತಿರುವುಗಳಲ್ಲಿ ಆ ಕಡೆಯ ಮಾತನ್ನು ಈ ಕಡೆಗೆ ಸಾಗಿಸುವ ಶಕ್ತಿ ನನ್ನ ಕುತ್ತಿಗೆಗಿರಲಿಲ್ಲ. ಮೆಹಬೂಬನೇ ದಾರಿ ತೋರಿಸಿದ. “ಸಮುದ್ರ ಯಾಕ ಬೇಕ್ರಿ ಸರ? ನಮ್ಮ ಧೂಪದಾಳದ ಹಿನ್ನೀರ ಐತಲ್ಲ. ಪಕ್ಷಿಧಾಮ ಐತಿ, ಸಪಾಟ ದಾರಿ ಐತಿ. ಚಳಿಗಾಲಕ್ಕ ಎಲ್ಲೆಲ್ಲಿಂದೋ ಹಕ್ಕಿ ಬರ್ತಾವು. ರವಿವಾರ ಬೆಳಿಗ್ಗೆ ನಾ ಕರಕೊಂಡ ಹೋಗ್ತೇನಿ.”

ಅಕ್ಕನ ಮೊಣಕಾಲಿಗೆ ನಡಿಗೆ ಒಳ್ಳೆಯದು ಎಂದು ಶೈಲಾಳಿಗೂ, ಶೈಲಾ ಮನೆಯಲ್ಲಿ ಕುಳಿತು ಬಾಡಿದ್ದಾಳೆ ಎಂದು ಅಕ್ಕನಿಗೂ ಹೇಳಿದೆ. ಒಬ್ಬರಿಗಾಗಿ ಇನ್ನೊಬ್ಬರು ಹೊರಟರು. ವ್ಯಾನಿನಲ್ಲಿ ಶೈಲಾ ಮುಂದೆ, ಅಕ್ಕ ಹಿಂದೆ, ನಾನು ನಡುವಿನ ಸೀಟಿನಲ್ಲಿ. ಕಲ್ಲೋಳಿ ದಾಟುವವರೆಗೂ ಮೆಹಬೂಬನೊಬ್ಬನೇ ಮಾತಾಡಿದ. ಹಿನ್ನೀರಿನ ಬಳಿ ನಿಲ್ಲಿಸಿ, “ಒಳಗ ಮಾತಾಡಂಗಿಲ್ರಿ. ಮಾತಾಡಿದ್ರ ಹಕ್ಕಿ ಏಳತಾವು. ಅದಕ್ಕ ನಾ ಒಳಗ ಬರೂದಿಲ್ಲ, ನನ್ನ ಕಡಿಂದ ಆಗೂದಿಲ್ಲ” ಎಂದು ವ್ಯಾನಿನಲ್ಲೇ ಉಳಿದ.

ದಾರಿ ನಿಜಕ್ಕೂ ಸುಲಭವಾಗಿತ್ತು. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ, ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟು ಸಪಾಟು ನೆಲ. ಮುಂದೆ ಅಕ್ಕ, ನಡುವೆ ನಾನು, ಹಿಂದೆ ಶೈಲಾ. ನೀರಿನ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ನನಗೊಂದು ವಿಚಿತ್ರ ಅನುಭವವಾಯಿತು. ಮನೆಯಲ್ಲಿ ಮಾತು ನಿಂತು ತಿಂಗಳ ಮೇಲಾಗಿತ್ತು; ನಮ್ಮ ಸುಮ್ಮನಿರುವಿಕೆ ಆ ಹೊತ್ತಿನಲ್ಲಿ ಮೊದಲ ಸಲ ಭಾರವೆನ್ನಿಸಲಿಲ್ಲ. ಇಲ್ಲಿ ಯಾರೂ ಯಾರೊಡನೆಯೂ ಮಾತು ಬಿಟ್ಟಿರಲಿಲ್ಲ. ನಿಯಮ ಪಾಲಿಸುತ್ತಿದ್ದೆವು, ಅಷ್ಟೇ. ಅಕ್ಕನ ಬೆನ್ನು ಕೂಡ ಮನೆಯಲ್ಲಿದ್ದಷ್ಟು ಬಿಗಿಯಾಗಿರಲಿಲ್ಲ.

ಆಗ ನನ್ನ ಚಪ್ಪಲಿಯ ಮೂಲಕ ಒಂದು ಜಾಲಿಮುಳ್ಳು ನೇರ ಹಿಮ್ಮಡಿಗೆ ಬಂತು. ಕೂಗುವಂತಿಲ್ಲ. ಅಪ್ಪನ ಹಾಗೆ ಒಂದು ಊಂ ಎಂದು ಕಲ್ಲಿನ ಮೇಲೆ ಕುಳಿತೆ. ಶೈಲಾ ಒಂದು ಕ್ಷಣ ನಿಂತು, ಮುಳ್ಳನ್ನೂ ನನ್ನನ್ನೂ ನೋಡಿ, ಎರಡೂ ಗಂಭೀರವಲ್ಲ ಎಂದು ನಿರ್ಧರಿಸಿ ಮುಂದೆ ಹೋದಳು. ಹೀಗೆ ಅವರಿಬ್ಬರ ನಡುವೆ ನಾನಿಲ್ಲದೆ ಅವರು ನಡೆಯತೊಡಗಿದರು.

ಮುಂದೆ ಒಂದು ತಿರುವಿನಲ್ಲಿ ಅಕ್ಕ ನಿಂತಳು. ನೀರಂಚಿನ ಆಪು ಹುಲ್ಲಿನ ನಡುವೆ ಏನನ್ನೋ ಕಂಡಿದ್ದಳು. ಹಿಂದೆ ನಾನಿದ್ದೇನೆ ಎಂದು ತಿಳಿದು ಬೆರಳು ತೋರಿಸುತ್ತ ತಿರುಗಿದರೆ, ಅಲ್ಲಿದ್ದವಳು ಶೈಲಾ. ಬೆರಳು ಹಿಂತೆಗೆದುಕೊಳ್ಳಲು ಆಗಲಿಲ್ಲ. ಶೈಲಾ ಆ ಕಡೆ ನೋಡಿದಳು, ಕಾಣಲಿಲ್ಲ. ಅಕ್ಕ ಮತ್ತೆ ತೋರಿಸಿದಳು. ಶೈಲಾ ಬೇರೆಲ್ಲೋ ನೋಡಿದಳು. ಆಗ ಅಕ್ಕ, ಎಷ್ಟೋ ಕೂಸುಗಳನ್ನು ಹಿಡಿದ ತನ್ನ ಕೈಯಿಂದ, ಶೈಲಾಳ ಗದ್ದ ಹಿಡಿದು ಮುಖವನ್ನು ಮೆಲ್ಲಗೆ ತಿರುಗಿಸಿದಳು. ಒಣಗಿದ ಕೊರಡಿನ ಹಾಗೆ ಅಲುಗಾಡದೆ ನಿಂತಿದ್ದ ಬೂದುಬಣ್ಣದ ಒಂದು ದೊಡ್ಡ ಬಕ ನನಗೂ ಆಗಲೇ ಕಂಡಿತು. ಶೈಲಾಳಿಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ಅವಳ ದೃಷ್ಟಿ ನೀರಿನ ಆಚೆಗೆ, ತವರು ಹುಕ್ಕೇರಿಯ ದಿಕ್ಕಿಗೆ ಇತ್ತು. ಅಕ್ಕನ ಕೈ ಗದ್ದದ ಮೇಲೆಯೇ ಉಳಿಯಿತು. ಸೀರೆ ಹೋದ ದಿನ ಅಳದವಳು ಅಲ್ಲಿ ಅತ್ತಳು, ಹಕ್ಕಿ ಏಳದ ಹಾಗೆ.

ಆಮೇಲೆ ಅಕ್ಕ ಬಾಗಿ ಏನೋ ಪಿಸುಗುಟ್ಟಿದಳು. ಶೈಲಾ ಪಿಸುಗುಟ್ಟಿ ಉತ್ತರಿಸಿದಳು. ಪಿಸುಮಾತಿನಲ್ಲಿ ಯಾರಾದರೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ‘ನಾ ಇಲ್ಲಿ ಯಾರು’ ಎಂದು ಕೂಗಿ ಕೇಳಿದರೆ ಅದು ಆರೋಪ. ಪಿಸುಗುಟ್ಟಿ ಕೇಳಿದರೆ ಬರೀ ಪ್ರಶ್ನೆ, ಉತ್ತರ ಕೊಡಬಹುದಾದ ಪ್ರಶ್ನೆ. ಅವಳು ಅದನ್ನೇ ಕೇಳಿದಳೋ, ಸೀರೆಯ ಮಾತೆತ್ತಿದಳೋ, ಶೈಲಾ ಏನೆಂದಳೋ, ಒಂದೂ ನನಗೆ ಕೇಳಿಸಲಿಲ್ಲ. ಹಿಮ್ಮಡಿಯಲ್ಲಿ ಮುಳ್ಳಿಟ್ಟುಕೊಂಡು ನಾನು ದೂರದ ಕಲ್ಲಿನ ಮೇಲೆ ಕುಳಿತಿದ್ದೆ. ಅವರು ಒಬ್ಬರ ಕೈ ಒಬ್ಬರು ಹಿಡಿದು, ಆ ಕಿರಿದಾದ ದಾರಿಯಲ್ಲಿ ಅಡ್ಡಾದಿಡ್ಡಿಯಾಗಿ, ತಿರುವು ದಾಟಿ ಹೋದರು.

ವ್ಯಾನಿಗೆ ಬಂದಾಗ ಇಬ್ಬರೂ ಹಿಂದಿನ ಸೀಟಿನಲ್ಲಿ ಕುಳಿತರು. ಕೌಜಲಗಿಯ ಖೋಲಿಯ ಮಾತು ಮತ್ತೆ ಏಳಲಿಲ್ಲ. ನಾನು ಅವತ್ತೇ ಶೈಲಾಳನ್ನು, “ಅಲ್ಲಿ ಏನ ಮಾತಾಡಿದ್ರಿ?” ಎಂದು ಕೇಳಿದೆ. “ಏನಿಲ್ರಿ, ಹಕ್ಕಿ ವಿಷಯ” ಎಂದಳು. ಅಕ್ಕನನ್ನು ಬೇರೆಯಾಗಿ ಕೇಳಿದೆ. “ಎಲ್ಲಾ ಕೇಳಾಕ ನೀ ಏನ ಪೋಲೀಸನಾ? ಹೋಗಿ ಕಾಲಿಗೆ ಅರಿಶಿಣ ಹಚ್ಚಿಕೋ” ಎಂದಳು. ಬೇಡ ಬೇಡವೆಂದರೂ ಅಷ್ಟು ದಿನ ಪ್ರತಿಯೊಂದು ಮಾತೂ ನನ್ನ ಮೂಲಕವೇ ಹಾದು ಹೋಗಿತ್ತು. ಬೇಕಾಗಿದ್ದ ಒಂದೇ ಒಂದು ಮಾತು ನನ್ನನ್ನು ಬಿಟ್ಟು ಬದಿಯಿಂದ ಹಾದು ಹೋಯಿತು.

ಈಗ ಅವರಿಗೆ ಆ ದಾರಿಯ ಹುಚ್ಚು ಹಿಡಿದಿದೆ. ರವಿವಾರ ಬಂತೆಂದರೆ ಮೆಹಬೂಬನ ವ್ಯಾನು ಬಾಗಿಲಿಗೆ ಬರುತ್ತದೆ. ಅಕ್ಕನ ಮೊಣಕಾಲು ಸುಧಾರಿಸಿದೆ. ನಾನೇ ಹಿಂದೆ ಬೀಳುತ್ತೇನೆ. ಮುಂದೆ ಎರಡು ತಲೆಗಳು ಕೂಡಿ ಪಿಸುಪಿಸು ನಡೆದೇ ಇರುತ್ತದೆ, ನಡುನಡುವೆ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡ ನಗು. ವಿಷಯ ನಾನೇ ಇರಬೇಕು ಎಂಬ ಸಂಶಯ ನನಗಿದೆ. ಹಿನ್ನೀರಿನ ಹಕ್ಕಿಗಳಿಗೆ ನನ್ನ ಗುರುತಾಗಿದೆ, ನಾನು ಹತ್ತಿರ ಹೋದರೂ ಏಳುವುದಿಲ್ಲ. ಆದರೆ ನಾನು ಕಿವಿಯನ್ನೆಲ್ಲ ತೆರೆದು, ಕಾಲ್ಸಪ್ಪಳವಾಗದಂತೆ ಆ ಇಬ್ಬರ ಸಮೀಪ ಹೋದೊಡನೆ ತಲೆಗಳು ಬೇರೆಯಾಗುತ್ತವೆ. “ಅಲ್ಲಿ ನೋಡ್ರಿ, ಅಲ್ಲಿ” ಎಂದು ಶೈಲಾ ಮೆಲ್ಲಗೆ ನೀರಿನ ಕಡೆ ಬೆರಳು ತೋರಿಸುತ್ತಾಳೆ. ಅಕ್ಕನೂ ಬಹಳ ಗಂಭೀರವಾಗಿ ಅದೇ ಕಡೆ ನೋಡುತ್ತಾಳೆ. ನಾನೂ ಕನ್ನಡಕ ಸರಿಮಾಡಿಕೊಂಡು ನೋಡುತ್ತೇನೆ. ಅಲ್ಲಿ ಏನೂ ಇರುವುದಿಲ್ಲ.