ವಂಶದ ಮೈ

ಅಂಗಡಿಯ ಸ್ಟೂಲಿನ ಕಾಲು ಮುರಿಯದೇ ಇದ್ದಿದ್ದರೆ ಗಡಿಯಾರ ರಿಪೇರಿಯವನು ಆ ದಿನವನ್ನೂ ಕೂತೇ ಕಳೆದುಬಿಡುತ್ತಿದ್ದ. ಕಾಲು ಮುರಿಯಿತು. ಆನೆಮರಿ ಕೆರೆಗೆ ಜಾರಿದಂತೆ ಅವನು ನೆಲಕ್ಕೆ ಜಾರಿದ; ಕೈಯಲ್ಲಿದ್ದ ಯಾರದೋ ಗಡಿಯಾರವನ್ನು ಮಾತ್ರ ಮೇಲೆತ್ತಿ ಹಿಡಿದಿದ್ದ.

ಮೊದಲು ಓಡಿ ಬಂದವನು ಪಕ್ಕದ ದರ್ಜಿ. ಬೆನ್ನಿನ ಮೇಲೆ ಬಿಟ್ಟುಕೊಂಡ ಅಂಗಿಯ ಹೊಲಿಗೆಯನ್ನು ಕೇಳದೆಯೇ ಹಾಕಿಕೊಟ್ಟ. ಆಮೇಲೆ ಉಪದೇಶ: "ದಿನಾ ನಿಧಾನಕ್ಕೆ ನಡೀರಿ, ಸಾಕು."

"ನಡೆದ್ರೆ ಚಪ್ಪಲಿ ಸವೆಯತ್ತೆ, ಮೈಯಲ್ಲ," ಎನ್ನುತ್ತ ಭಾವ ಒಳಬಂದರು. ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ ಇನ್ನೂ ನೇತಾಡುತ್ತಿತ್ತು. "ನಾಳೆಯಿಂದ ನನ್ನ ಜೊತೆ ಓಟ."

"ಭಾವ, ಇದು ವಂಶದ ಮೈ. ಗಾಳಿ ಕುಡಿದ್ರೂ ದಪ್ಪ ಆಗ್ತೀವಿ. ಅಕ್ಕನ್ನ ಕೇಳಿ."

ಏದುಸಿರು ಬಿಡುತ್ತ ಹಿಂದೆಯೇ ಬಂದ ಅಕ್ಕ ತಮ್ಮನಷ್ಟೇ ತೂಕದವಳು. "ಹೌದೂರೀ, ನಮ್ಮಪ್ಪನೂ ಹೀಗೇ ಇದ್ರು. ಅವನ ಪಾಡಿಗೆ ಅವನನ್ನ ಬಿಡಿ." ಮದುವೆಯಾದಾಗಿನಿಂದ ಇದೇ ಮಾತು ಅವಳನ್ನು ಆ ಸೀಟಿಯಿಂದ ಕಾಪಾಡಿತ್ತು.

ಸದ್ದು ಕೇಳಿ ಬಂದಿದ್ದ ಅವನ ಹೆಂಡತಿ ಮಾತ್ರ ಮುರಿದ ಸ್ಟೂಲನ್ನೇ ನೋಡುತ್ತಿದ್ದಳು. "ಮೆಟ್ಟಿಲು ಹತ್ತುವಾಗ ನಿಮ್ಮ ಉಸಿರು ಕೇಳಿದ್ರೆ ನನಗೆ ಭಯ ಆಗತ್ತೆ. ರಕ್ತ ಪರೀಕ್ಷೆಯ ರಿಪೋರ್ಟ್ ಇವತ್ತು ಬಂದಿರತ್ತೆ. ಡಾಕ್ಟ್ರು ವಂಶದ್ದು ಅಂದ್ರೆ ನಾನು ತುಟಿ ಬಿಚ್ಚಲ್ಲ. ಸೋಮಾರಿತನ ಅಂದ್ರೆ ಭಾವನ ಹಿಂದೆ ಓಡಿ."

ದರ್ಜಿ ತನ್ನ ಅಂಗಡಿಗೆ ಮರಳಿದ; ಉಳಿದ ನಾಲ್ವರೂ ಆಸ್ಪತ್ರೆಗೆ ಹೊರಟರು.

ಡಾಕ್ಟರು ಕೈಯಿರುವ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಅಗಲವಾದ ಬೆಂಚನ್ನು ತಾವೇ ಎಳೆದು ಹಾಕಿದರು. ಆಮೇಲೆ ಎದೆಬಡಿತ ನೋಡಲು ಅವನನ್ನು ನಿಂತಲ್ಲೇ ನಡೆಸುವ ಟ್ರೆಡ್‌ಮಿಲ್ ಯಂತ್ರಕ್ಕೆ ಹತ್ತಿಸಿದರು. ಮೊದಮೊದಲು ಅವನು ತರಕಾರಿ ತರಲು ಹೊರಟವನಂತೆ ಆರಾಮಾಗಿ ನಡೆದ. ಡಾಕ್ಟರು ವೇಗ ಹೆಚ್ಚಿಸಿದ್ದೇ ತಡ, ಭಾವ ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟರು. ನರ್ಸ್ ಬೆಚ್ಚಿ ಟ್ರೇ ಬೀಳಿಸಿದಳು. ಅವನು ಗಾಬರಿಯಲ್ಲಿ ಬಿರಬಿರನೆ ಕಾಲು ಹಾಕಿದ ರಭಸಕ್ಕೆ ದರ್ಜಿಯ ಹೊಲಿಗೆ ಪರ್ರೆಂದಿತು.

ಡಾಕ್ಟರು ರಿಪೋರ್ಟ್ ತೆರೆದರು. "ನೀವು ಹೋದ ಸಲ ಹೇಳಿದ್ದು ನಿಜ. ತೂಕ ಹೆಚ್ಚೋ ಗುಣ ನಿಮಗೆ ಹುಟ್ಟಿನಿಂದಲೇ ಬಂದಿದೆ. ಇದರಲ್ಲಿ ನಿಮ್ಮ ತಪ್ಪಿಲ್ಲ."

ಅವನು ಕೇಸು ಗೆದ್ದವನಂತೆ ಬೆಂಚಿನ ಮೇಲೆ ಹರಡಿಕೊಂಡ. "ನಾನು ಹೇಳ್ಲಿಲ್ವಾ?" ಎಂದಳು ಅಕ್ಕ.

"ನಿಮ್ಮಲ್ಲಿಗೆ ಹಿಂದೆ ಬೀಳೋ ಗಡಿಯಾರ ಬಂದ್ರೆ ಏನು ಮಾಡ್ತೀರಿ?" ಡಾಕ್ಟರು ಕೇಳಿದರು.

"ಸ್ವಲ್ಪ ಫಾಸ್ಟ್ ಮಾಡಿಡ್ತೀನಿ," ಎಂದವನು ನಾಲಿಗೆ ಕಚ್ಚಿಕೊಂಡ.

"ನಾನೂ ಅದನ್ನೇ ಮಾಡ್ತೀನಿ. ನಿಧಾನದ ನಡಿಗೆಗೆ ನಿಮ್ಮ ಮೈ ಜಗ್ಗಲೇ ಇಲ್ಲ. ಬಿರುಸಾಗಿ ನಡೆದಾಗ ಕೆಲಸ ಶುರು ಮಾಡ್ತು. ಓಟ ಬೇಡ, ದಿನಾ ಬಿರುಸು ನಡಿಗೆ. ಜೊತೆಗೆ ಯಾರಾದ್ರೂ ಇದ್ರೆ ಒಳ್ಳೇದು."

ಎಲ್ಲರ ಕಣ್ಣೂ ಸೀಟಿಯ ಮೇಲೆ ಬಿತ್ತು. ಹೆಂಡತಿ ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ, ನಕ್ಕಳು, ಅಷ್ಟೇ.

"ಡಾಕ್ಟ್ರೇ, ಒಂದು ಅನುಮಾನ," ಎಂದರು ಭಾವ. "ವಂಶದ್ದು ಅಂದ್ರೆ ಒಡಹುಟ್ಟಿದವರಿಗೂ ಇರಬಹುದಾ?"

"ಇರಬಹುದು. ಅವರನ್ನೂ ನೋಡೇಬಿಡೋಣ. ಯಂತ್ರ ಹೇಗೂ ಚಾಲೂ ಇದೆ."

ಅಷ್ಟರಲ್ಲಿ ಅಕ್ಕ ಬಾಗಿಲ ತನಕ ಹೋಗಿದ್ದಳು.

ಮರುದಿನ ಬೆಳಿಗ್ಗೆ ಬೀದಿಯಲ್ಲಿ ಸೀಟಿ ಕೇಳಿಸಿತು. ಭಾವನ ಹಿಂದೆ ಅಕ್ಕ, ತಮ್ಮ ಇಬ್ಬರೂ ಬೆವರುತ್ತ ಬಿರಬಿರನೆ ಬರುತ್ತಿದ್ದರು.

"ಅಕ್ಕಾ, ಸ್ವಲ್ಪ ನಿಲ್ಲೋಣ ಅಂತ ಭಾವನಿಗೆ ನೀನಾದ್ರೂ ಹೇಳು."

"ಮಾತಾಡ್ಬೇಡ ನನ್ನ ಹತ್ರ," ಅಕ್ಕ ತಿರುಗಿಯೂ ನೋಡಲಿಲ್ಲ. "'ನಾನು ಸೋಮಾರಿ' ಅಂತ ನೀನು ನಿನ್ನೆ ಮರ್ಯಾದೆಯಾಗಿ ಒಪ್ಕೊಂಡಿದ್ರೆ ಇಷ್ಟು ಹೊತ್ತಿಗೆ ನಾನಾದ್ರೂ ಮಲಗಿರ್ತಿದ್ದೆ."